ಮೊದಲನೆಯ ‘ಬೇಡ’

ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದು ಎಷ್ಟು, ಹೇಳುತ್ತ ಹೇಳುತ್ತ ನಾನು ಸೇರಿಸಿದ್ದು ಎಷ್ಟು ಎಂಬುದು ನನಗೇ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅವತ್ತು ಹಿಮ ಬೀಳುತ್ತಿತ್ತು. ಹೆಂಡತಿ ಅದು ಮೇ ತಿಂಗಳು ಅನ್ನುತ್ತಾಳೆ. ಕಾರಿನ ಸೆನ್ಸರುಗಳು ಎಷ್ಟು ತಪ್ಪು ಹೇಳುತ್ತವೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೆಂದೇ ಎರಡು ವಿಶ್ವವಿದ್ಯಾಲಯಗಳಲ್ಲಿ ಓದಿದ್ದೇನೆ. ನನ್ನ ನೆನಪು ಒಂದು ಸೆನ್ಸರಾಗಿದ್ದರೆ ಅದನ್ನು ಯಾವ ಕಾರಿಗೂ ಹಾಕಲು ನಾನು ಬಿಡುತ್ತಿರಲಿಲ್ಲ.

ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ನಮ್ಮ ಎದುರು ಮನೆಗೆ ಸ್ವೀಡನ್ನಿನ ಕುಟುಂಬವೊಂದು ಬಂತು. ಗಂಡ ಎಂಜಿನಿಯರು, ಸ್ಟರ್ಲಿಂಗ್ ಹೈಟ್ಸಿನ ಒಂದು ಕಾರ್ಖಾನೆಗೆ ಎರಡು ವರ್ಷದ ಮಟ್ಟಿಗೆ ಬಂದವರು. ಅವರ ಮಗಳಿಗೂ ನನ್ನ ಮಗಳಿಗೂ ಏಳು ವರ್ಷ. ವಾರದೊಳಗೆ ಇಬ್ಬರೂ ಸ್ಕೂಲ್ ಬಸ್ಸಿನಲ್ಲಿ ಒಂದೇ ಸೀಟಿನವರಾದರು.

ಅವರ ಬಾಗಿಲಲ್ಲಿ ಬೂಟುಗಳನ್ನು ಸಾಲಾಗಿ ಕಳಚಿಟ್ಟಿದ್ದರು. ಅಷ್ಟನ್ನೇ ನೋಡಿ ಮನೆಗೆ ಬಂದು, ಸ್ವೀಡನ್ನಿನವರು ಹೆಚ್ಚುಕಡಿಮೆ ನಮ್ಮವರೇ ಎಂದು ತೀರ್ಪು ಕೊಟ್ಟೆ. ಕಾಫಿ ಇಲ್ಲದೆ ಅವರಿಗೂ ಕೈಕಾಲು ಆಡುವುದಿಲ್ಲ ಎಂಬುದು ಎರಡನೆಯ ಸಾಕ್ಷಿ. ಮಗಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುತ್ತಾರೆಂದು ತಿಳಿದಾಗ, ಶನಿವಾರದ ವ್ರತ ಅಲ್ಲೂ ಇದೆ ನೋಡು ಎಂದೆ. ಒಮ್ಮೆ ಅವರನ್ನು ನಾಲ್ಕು ಗಂಟೆಗೆ ಕರೆದಿದ್ದೆವು. ನಾಲ್ಕು ಎಂದರೆ ಐದೂವರೆ ಎಂದುಕೊಂಡು ನಾನು ಪಂಚೆ ಎತ್ತಿ ಕಟ್ಟಿ ನೆಲ ಒರೆಸುತ್ತಿದ್ದೆ. ಕಿಟಕಿಯಿಂದ ನೋಡಿದರೆ ಮೂವರೂ ನಮ್ಮ ಡ್ರೈವ್‌ವೇಯಲ್ಲಿ ವಾಚು ನೋಡುತ್ತ ನಿಂತಿದ್ದಾರೆ. ನಾಲ್ಕಾದ ಮೇಲೆಯೇ ಬೆಲ್ ಒತ್ತಿದರು. ಈ ಸಾಕ್ಷಿಯನ್ನು ಮಾತ್ರ ನಾನು ಪರಿಗಣಿಸಲಿಲ್ಲ.

ಆಮೇಲೆ ಆ ಸಂಜೆ. ಅವರ ಮನೆಗೆ ಆಡಲು ಹೋಗಿದ್ದ ಮಗಳು ವಾಪಸು ಬಂದು ಅನ್ನ ಕೇಳಿದಳು. ಅವರು ಊಟ ಮಾಡಿದರಂತೆ. ಅಷ್ಟು ಹೊತ್ತು ಇವಳು ಗೆಳತಿಯ ರೂಮಿನಲ್ಲಿ ಒಬ್ಬಳೇ ಕೂತು ಚಿತ್ರದ ತುಂಡುಗಳನ್ನು ಜೋಡಿಸುತ್ತಿದ್ದಳಂತೆ.

ಮುಂದಿನ ಭಾನುವಾರ ಕನ್ನಡದವರೆಲ್ಲ ಸೇರಿದ್ದಲ್ಲಿ ಇದನ್ನು ಹೇಳಿದೆ. ಹಿರಿಯ ಆಂಟಿಯೊಬ್ಬರು ತಟ್ಟೆ ಕೆಳಗಿಟ್ಟರು.

“ಏನು, ಮಗೂನ ರೂಮಲ್ಲಿ ಕೂರಿಸಿ ತಾವು ಉಂಡ್ರಾ?”

“ಹೂಂ ಆಂಟಿ. ಬಾಗಿಲು ಬೇರೆ ಹಾಕಿದ್ರು.”

ಬಾಗಿಲಿನ ವಿಷಯ ಮಗಳು ಹೇಳಿರಲಿಲ್ಲ. ನೇಪರ್‌ವಿಲ್ಲಿನ ಸ್ನೇಹಿತನ ಮನೆಗೆ ಹೋದಾಗ ಕಥೆಗೆ ಹಿಮ ಸೇರಿತು, ಮೀನಿನ ವಾಸನೆ ಸೇರಿತು, ಮಗಳ ಕಣ್ಣಲ್ಲಿ ನೀರು ಬಂತು. ಜೊತೆಗೊಂದು ಸಿದ್ಧಾಂತ: ವರ್ಷದಲ್ಲಿ ಅರ್ಧ ಕತ್ತಲಿರುವ ದೇಶ, ಉಪ್ಪು ಹಾಕಿ ಕೂಡಿಟ್ಟ ಮೀನು, ಹಂಚಿ ತಿನ್ನುವುದು ಅವರ ರಕ್ತದಲ್ಲೇ ಇಲ್ಲ. ಸ್ವೀಡನ್ನನ್ನು ನಾನು ನೋಡಿಲ್ಲ. ಸ್ನೇಹಿತ ತಲೆಯಾಡಿಸಿದ, ಅವನೂ ನೋಡಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಮಗಳು ಹೇಳಿದಳು: “ಅಪ್ಪಾ, ಐ ಡಿಡಂಟ್ ಕ್ರೈ.”

“ಒಳಗೊಳಗೇ ಅತ್ತಿರ್ತೀಯ,” ಎಂದೆ.

ಅವಳನ್ನು ಎದುರು ಮನೆಗೆ ಕಳಿಸುವುದನ್ನು ನಿಲ್ಲಿಸಿದೆ. ಗೆಳತಿ ಬಂದು ಬೆಲ್ ಒತ್ತಿದರೆ ಹೋಮ್‌ವರ್ಕ್, ಸಂಗೀತದ ಕ್ಲಾಸು, ನೆಗಡಿ ಎಂದು ನಾನೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಕೊನೆಗೆ ಬೆಲ್ ಕೇಳಿಸುವುದೂ ನಿಂತಿತು. ಬಸ್ಸಿನಲ್ಲಿ ಈಗ ಬೇರೆ ಬೇರೆ ಸೀಟಂತೆ ಎಂದು ಹೆಂಡತಿ ಹೇಳಿದಳು. ಆ ವರ್ಷದ ಕೊನೆಗೆ ಅವರ ಎರಡು ವರ್ಷ ಮುಗಿದು, ಬರುವ ಶನಿವಾರವೇ ಊರಿಗೆ ಹೊರಡುತ್ತಾರೆಂದು ಗೊತ್ತಾಯಿತು. ಮಗಳು ಎರಡು ದಿನ ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಹೆಂಡತಿ ಕೋಡುಬಳೆ ಡಬ್ಬ ಕೈಗಿಟ್ಟಳು. “ಹೋಗಿ ಕೊಟ್ಟು ಬನ್ನಿ. ಇವಳು ಒಂದಿನ ಅಲ್ಲಿಗೆ ಹೋಗ್ಬಹುದಾ ಕೇಳಿ. ನಿಮ್ ಥಿಯರಿ ಇಲ್ಲೇ ಇಟ್ಟು ಹೋಗಿ.”

ಅವರ ಹಾಲಿನ ತುಂಬ ಪೆಟ್ಟಿಗೆಗಳು. ಆತ ಕಾಫಿ ಬೇಕೇ ಎಂದು ಕೇಳಿದರು. ಬೇಡ ಬೇಡ, ನಿಮಗ್ಯಾಕೆ ತೊಂದರೆ ಎಂದೆ. ಆತ ತಲೆಯಾಡಿಸಿ, ತಮಗೊಂದು ಕಪ್ಪು ಬಗ್ಗಿಸಿಕೊಂಡು ಬಂದು ನನ್ನೆದುರು ಕೂತು ಕುಡಿಯತೊಡಗಿದರು. ಎರಡನೆಯ ಸಲ ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಕಾಫಿಯ ಘಮ ನನ್ನನ್ನು ಸುತ್ತಿಕೊಂಡು ಹೋಯಿತು. ಅವರ ಕಪ್ಪು ಅರ್ಧವಾಗುವ ಹೊತ್ತಿಗೆ ತಡೆಯಲಾರದೆ ಆ ಸಂಜೆಯ ಊಟದ ವಿಷಯ ಎತ್ತಿಬಿಟ್ಟೆ. ನಾವು ಆಡಿದ್ದು ಇಂಗ್ಲಿಷಿನಲ್ಲಿ, ಕನ್ನಡ ನನ್ನದು.

“ನಾನು ಕೇಳಿದ್ದೆನಲ್ಲ,” ಎಂದರು ಆತ. “ನೀವು ಬೇಡ ಅಂದ್ರಿ.”

“ಒಂದೇ ಸಲ ಕೇಳಿದ್ರಾ?”

“ಮತ್ತೆ ಕೇಳಿದ್ರೆ ನಿಮ್ಮ ಮಾತು ನಂಬಲಿಲ್ಲ ಅಂತ ಆಗುತ್ತಲ್ಲ.” ಆತನ ಮುಖ ಕೆಂಪಾಗಿತ್ತು. “ಅದಕ್ಕೇನಾ ಅವಳು ಬರೋದು ನಿಂತಿದ್ದು? ನನ್ನ ಮಗಳು ತಾನೇ ಏನೋ ತಪ್ಪು ಮಾಡಿದೆ ಅಂದ್ಕೊಂಡಿದ್ದಾಳೆ.”

ನಾನು ಹಾಗೆ ಬೇಡ ಅಂದ ನೆನಪೇ ಇಲ್ಲ ಎಂದೆ. ಆತ ವಾದಿಸಲಿಲ್ಲ. ಶುಕ್ರವಾರ ಐದು ಗಂಟೆಗೆ ನಿಮ್ಮ ಮಗಳು ನಮ್ಮ ಜೊತೆ ಊಟ ಮಾಡಬಹುದೇ ಎಂದು ಕೇಳಿದರು. ನಾಲಿಗೆಯ ತುದಿಗೆ ಬಂದಿದ್ದ ‘ಅಯ್ಯೋ ಬೇಡ’ವನ್ನು ನುಂಗಿಕೊಂಡು ಹೂಂ ಎಂದೆ. ಮೊದಲ ಸಲಕ್ಕೇ ಒಪ್ಪಿಕೊಂಡ ನಾಚಿಕೆಗೆ ಕಿವಿ ಬಿಸಿಯಾಯಿತು. ಮಾನ ಹೇಗೂ ಹೋಗಿತ್ತು, ಕಾಫಿಯನ್ನೂ ಕೇಳಿದೆ.

“ನಿಮ್ ಮೊದಲನೇ ಬೇಡ ಬರೀ ಗಂಟಲು ಸರಿ ಮಾಡ್ಕೊಳ್ಳೋದು ಅಂತ ಪಾಪ ಅವರಿಗೇನ್ ಗೊತ್ತು?” ಎಂದಳು ಹೆಂಡತಿ, ನಾನು ಮನೆಗೆ ಬಂದು ಎಲ್ಲ ಹೇಳಿದಾಗ.

ಶುಕ್ರವಾರ ಮಗಳು ಹೊಟ್ಟೆ ತುಂಬಿಸಿಕೊಂಡು ಬಂದಳು. ಕುರ್ಚಿಗಳನ್ನೆಲ್ಲ ಆಗಲೇ ಪ್ಯಾಕ್ ಮಾಡಿದ್ದರಂತೆ. ಇದ್ದ ಒಂದರಲ್ಲೇ ಇಬ್ಬರೂ ಒತ್ತಿಕೊಂಡು ಕೂತು ತಿಂದರಂತೆ. ಇದನ್ನು ಅವಳೇ, ನಾನು ಕೇಳುವ ಮೊದಲೇ ಹೇಳಿದಳು.

ಆತನ ಮಾತನ್ನು ಪುರಾವೆಯಿಲ್ಲದೆ ಒಪ್ಪಲು ನನಗಿನ್ನೂ ಮನಸ್ಸಿರಲಿಲ್ಲ. ಅವರು ಹೋದ ಮೇಲೆ ಡ್ರಾಯರಿನಲ್ಲಿದ್ದ ನನ್ನ ಹಳೆಯ ಫೋನನ್ನು ಚಾರ್ಜಿಗೆ ಹಾಕಿ ಹುಡುಕಿದೆ. ಮೆಸೇಜು ಇದೆ, ಮೇ ತಿಂಗಳದ್ದು: “ಐದಕ್ಕೆ ಊಟ. ಪಾಸ್ತಾ, ಮಾಂಸ ಇಲ್ಲ. ನಿಮ್ಮ ಮಗಳೂ ನಮ್ಮ ಜೊತೆ ತಿನ್ನಬಹುದೇ?” ಅದರ ಕೆಳಗೆ ನನ್ನ ಉತ್ತರ: “ಬೇಡ ಬೇಡ, ಅವಳಿಗೆ ಹಸಿವಿರಲ್ಲ,” ಮುಂದೆ ಮುಗಿದ ಕೈಗಳ ಚಿತ್ರ, ಎರಡು.