ಬೋರ್ಡಿಲ್ಲದ ಕೋಣೆಯ ಬಲೂನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ, ಎಕ್ಸ್-ರೇ ಕೋಣೆ ದಾಟಿದ ಮೇಲೆ ಸಿಗುವ ಕಟ್ಟಕಡೆಯ ಕೋಣೆಯಲ್ಲಿ ಹೆಂಗಸೊಬ್ಬರು ಬೇಸಿನ್ನಿನ ಬೆಚ್ಚನೆ ನೀರಿನೊಳಗೆ ಪುಟ್ಟ ಬಲೂನೊಂದನ್ನು ಅದುಮಿ ಹಿಡಿದು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದಾರೆ. ಗುಳ್ಳೆ ಇಲ್ಲ. ನಳಿಗೆಯ ತುದಿಗೆ ಸಿಕ್ಕಿಸಿದ ಬಲೂನಿನ ಕುತ್ತಿಗೆಗೆ ದಾರ ಇನ್ನೊಂದು ಸುತ್ತು ಸುತ್ತಿ, ಕತ್ತರಿಸಿ, ಟ್ರೇಯಲ್ಲಿಡುತ್ತಾರೆ. ಬಾಗಿಲ ಕಡೆ ನೋಡುತ್ತಾರೆ. ಯಾರೂ ಇಲ್ಲ. ಇನ್ನೊಂದು ಬಲೂನು ಎತ್ತಿಕೊಳ್ಳುತ್ತಾರೆ.

ಇವತ್ತು ಬರಬೇಕಾದವರು ಒಬ್ಬ ಟೈಲರಮ್ಮ. ಬೆಳಿಗ್ಗೆ ಏಳಕ್ಕೆ ಬನ್ನಿ ಎಂದು ನಿನ್ನೆ ಫೋನ್ ಮಾಡಿದಾಗ ಆಕೆ "ನೋಡ್ತೀನಿ ಅಕ್ಕ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. "ನೋಡ್ತೀನಿ ಅಂದ್ರೆ ಬರಲ್ಲ ಅಂತ್ಲೇ ಅರ್ಥ. ಎಷ್ಟು ಜನರ ಬಾಯಲ್ಲಿ ಈ ನೋಡ್ತೀನಿ ಕೇಳಿಲ್ಲ ನಾನು!" ಎನ್ನುತ್ತಾ ಈ ಹೆಂಗಸು ಮತ್ತೆ ಬಾಗಿಲಿಗೆ ಹೋಗಿ ಇಣುಕುತ್ತಾರೆ. ಟೈಲರಮ್ಮನ ಕೊನೆಯ ಪರೀಕ್ಷೆಗೆ ಇವತ್ತೇ ಕಡೇ ದಿನ. ಬಂದರೆ ಆಕೆಯ ಕಾಯಿಲೆಗೆ ದಾರಿ ತೋರಿಸಬಹುದು. ಬಾರದಿದ್ದರೆ ಆಕೆ ಇನ್ನು ಈ ಕಡೆ ತಲೆಯೂ ಹಾಕುವವರಲ್ಲ.

ಬಾಗಿಲಲ್ಲಿ ಇಣುಕುತ್ತಿರುವ ಇವರ ಹೆಸರು ಹೇಳಿ ಕೇಳಿದರೆ ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಬಲೂನಕ್ಕ ಎಂದರೆ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಕೋಣೆಗೆ ಬೋರ್ಡಿಲ್ಲ. ಮೊದಲು ಇತ್ತು. ಅದರ ಕೆಳಗೆ ಕೂರಲು ನಾಚಿ ರೋಗಿಗಳು ಎಕ್ಸ್-ರೇ ಬೆಂಚಿನ ಮೇಲೆ ಕೂರುತ್ತಿದ್ದರು, ಹೆಸರು ಕೂಗಿದರೂ ಏಳುತ್ತಿರಲಿಲ್ಲ. ಒಂದು ದಿನ ಬಲೂನಕ್ಕ ಸ್ಟೂಲು ಹತ್ತಿ ಬೋರ್ಡನ್ನೇ ಬಿಚ್ಚಿಟ್ಟರು. "ಹೇಳಿದ್ರೆ ಮಾನ ಹೋಗುತ್ತೆ, ಹೇಳ್ದಿದ್ರೆ ಪ್ರಾಣ ಹೋಗುತ್ತೆ ಅನ್ನೋ ಕಾಯಿಲೆ ಇದು. ಇಲ್ಲಿವರೆಗೂ ಬಂದಿದ್ದೇ ದೊಡ್ಡದು. ಅವರನ್ನ ಬೋರ್ಡಿನ ಕೆಳಗೆ ಕೂರಿಸಿ ಊರಿಗೆಲ್ಲ ತೋರಿಸ್ಬೇಕಾ?" ಎಂದು ಕೇಳುತ್ತಾರೆ.

ಕಾಯಿಲೆ ಏನೆಂದು ಮುಚ್ಚುಮರೆಯಿಲ್ಲದೆ ಹೇಳೋಣ: ಮಲಬದ್ಧತೆ. ಎರಡು ದಿನ ಹೊಟ್ಟೆ ಕಟ್ಟಿ, ನಾಲ್ಕು ಬಾಳೆಹಣ್ಣು ತಿಂದರೆ ಸರಿಹೋಗುವಂಥದ್ದಲ್ಲ. ವರ್ಷಗಟ್ಟಲೆ ಬೆನ್ನು ಬಿಡದ್ದು. ಕೆಲವರಿಗೆ ಕರುಳೇ ಮೈಗಳ್ಳ, ಒಳಗಿರುವುದನ್ನು ಮುಂದಕ್ಕೆ ದೂಡುವುದಿಲ್ಲ. ಇನ್ನು ಕೆಲವರಿಗೆ ಕರುಳು ಚೆನ್ನಾಗಿಯೇ ದುಡಿಯುತ್ತದೆ, ಕೆಳಗಿನ ಸ್ನಾಯು ಮಾತ್ರ ಮಾತು ಕೇಳುವುದಿಲ್ಲ. ತಿಣುಕಿದಾಗ ಸಡಿಲವಾಗಬೇಕಾದದ್ದು ಇನ್ನಷ್ಟು ಬಿಗಿಯುತ್ತದೆ. ಪುಡಿ ನುಂಗಿದರೂ, ಕೊಡಗಟ್ಟಲೆ ನೀರು ಕುಡಿದರೂ ಅದು ಜಗ್ಗದು. ಯಾರದು ಯಾವುದೆಂದು ಅಳೆಯುವುದು ಬಲೂನಕ್ಕನ ಕೆಲಸ. ಪೆನ್ನಿನ ರೀಫಿಲ್ಲಿಗಿಂತ ಕೊಂಚ ದಪ್ಪದ ನಳಿಗೆಯನ್ನು ಗುದದ್ವಾರದೊಳಗೆ ಇಳಿಸಿ ಒತ್ತಡ ನೋಡುತ್ತಾರೆ. ಆಮೇಲೆ ಬಲೂನನ್ನು ಒಳಗಿಟ್ಟು, ನೀರು ತುಂಬಿಸಿ, ಪರದೆಯ ಹಿಂದಿನ ಕಮೋಡಿನಲ್ಲಿ ಕೂತು ಹೊರಹಾಕಿ ಎನ್ನುತ್ತಾರೆ. ಆರೋಗ್ಯವಂತರಿಗೆ ಒಂದು ನಿಮಿಷದ ಕೆಲಸ. ಇಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಬೆವರಿ ಸೋತು ಎದ್ದುಬರುತ್ತಾರೆ.

ದಿನಕ್ಕೆ ಐದಾರು ಮಂದಿ ಬರುತ್ತಾರೆ. ಎಲ್ಲರೂ ಕೇಳುವುದು ಬೆಳಗಿನ ಮೊದಲ ಸರದಿಯನ್ನೇ, ಆಗ ಕಾರಿಡಾರಿನಲ್ಲಿ ಗುರುತಿನವರು ಸಿಗುವುದಿಲ್ಲವಲ್ಲ. ಹಾಗಾಗಿ ಬಲೂನಕ್ಕನ ಮನೆಯಲ್ಲಿ ಅಲಾರಂ ಹಾಲಿನವನಿಗಿಂತ ಮೊದಲು ಕೂಗುತ್ತದೆ. ಇಲ್ಲಿಗೆ ಬರುವ ಮುಂಚೆ ಇವರು ಮೇಲಿನ ಮಹಡಿಯಲ್ಲಿ ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆಯುತ್ತಿದ್ದವರು. "ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ ಬಂದೆ. ಮೈಯಲ್ಲೂ ಅಷ್ಟೇ" ಎಂದು ನಗುತ್ತಾರೆ. ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರ ಪ್ರಕಾರ ಗಂಡಹೆಂಡತಿ ಇಬ್ಬರದೂ ಒಂದೇ ಕಸುಬು, ನಡುದಾರಿಯಲ್ಲಿ ಸಿಕ್ಕಿಕೊಂಡದ್ದನ್ನು ಕೆಳಗಿಳಿಸುವುದು.

ಎಲ್ಲರೂ ಹೀಗೆ ನಗುವುದಿಲ್ಲ. ಹೊಸ ಕೆಲಸದ ವಿಷಯ ತಿಳಿದ ಮೇಲೆ ಮನೆಯಲ್ಲಿ ನಡೆದ ಮದುವೆಯೊಂದರಲ್ಲಿ ಓರಗಿತ್ತಿ ಇವರ ಕೈಯಿಂದ ಸೌಟು ಇಸಿದುಕೊಂಡು, ನೆಂಟರೆದುರಿಗೇ "ಬಡಿಸೋಕೆ ನೀನು ಬೇಡ ಕಣಮ್ಮ" ಎಂದರು. ಬಲೂನಕ್ಕ ಅವತ್ತು ಉಣ್ಣದೆ ಎದ್ದುಬಂದರು. "ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ, ಬಸ್ಸಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಮಾರನೇ ದಿನ ಬೆಳಿಗ್ಗೆ ಬಂದ್ರೆ ಬಾಗಿಲಲ್ಲಿ ಆಗಲೇ ಒಬ್ಬರು ಹೊಟ್ಟೆ ಹಿಡ್ಕೊಂಡು ನಿಂತಿದ್ರು. ಅಳೋಕೆ ಪುರುಸೊತ್ತೆಲ್ಲಿ?"

ಅಳೆಯುವುದರ ಜೊತೆಗೆ ಈಗ ಇನ್ನೊಂದು ಕೆಲಸ ಸೇರಿಕೊಂಡಿದೆ. ಹಟ ಹಿಡಿದ ಸ್ನಾಯುವಿಗೆ ಪಾಠ ಹೇಳಿಕೊಡುವ ತರಬೇತಿಯೊಂದಿದೆ. ತನ್ನ ಮೈಯ ಒತ್ತಡವನ್ನು ರೋಗಿ ತೆರೆಯ ಮೇಲೆ ಗೆರೆಯಾಗಿ ನೋಡುತ್ತಾ, ಬಿಗಿಯುವುದನ್ನು ಬಿಟ್ಟು ಸಡಿಲಿಸುವುದನ್ನು ಕಲಿಯಬೇಕು. ಇದು ಎಷ್ಟರಮಟ್ಟಿಗೆ ಫಲ ಕೊಡುತ್ತದೆಂದು ಇಲ್ಲಿನ ಮುಖ್ಯ ಡಾಕ್ಟರಮ್ಮ ಸಂಶೋಧನೆ ನಡೆಸುತ್ತಿದ್ದಾರೆ. ಬಂದವರಲ್ಲಿ ಅರ್ಧ ಜನರಿಗೆ ಮೊದಲೇ ತರಬೇತಿ. ಉಳಿದರ್ಧಕ್ಕೆ ಮೂರು ತಿಂಗಳು ಪುಡಿ, ಪಥ್ಯ, ನೀರು. ಆಮೇಲೆ ಇನ್ನೊಮ್ಮೆ ಅಳೆದು, ಅವರಿಗೂ ತರಬೇತಿ. ಯಾರು ಯಾವ ಗುಂಪಿಗೆ ಎಂದು ಆರಿಸುವುದು ಕಂಪ್ಯೂಟರು. ಎರಡನೆಯ ಗುಂಪಿನವರಿಗೆ ಆ ಮೂರು ತಿಂಗಳು ಬಲೂನಕ್ಕ ಒಂದಕ್ಷರ ಹೇಳಿಕೊಡಕೂಡದು. ಪರೀಕ್ಷೆಯ ಹೊತ್ತಿನಲ್ಲಿ "ಮನೇಲಿ ಕೂತಾಗ ಹೇಗೆ ಮಾಡ್ತೀರೋ ಹಾಗೇ ಮಾಡಿ" ಎಂಬ ಒಂದೇ ವಾಕ್ಯ. ಅದರಾಚೆ ಬಾಯಿಗೆ ಬೀಗ.

ಬೀಗ ಒಂದು ಸಲ ಕಳಚಿತು. ಆ ಗುಂಪಿನ ನಿವೃತ್ತ ಬಸ್ ಡ್ರೈವರೊಬ್ಬರು ಕೊನೆಯ ಪರೀಕ್ಷೆಯಲ್ಲಿ ಬೆವರಿ ನಡುಗುತ್ತಿದ್ದರು. ನೋಡಲಾರದೆ ಬಲೂನಕ್ಕನ ಬಾಯಿಂದ "ಉಸಿರು ಬಿಗಿ ಹಿಡೀಬೇಡಿ, ಹೊಟ್ಟೆಯಿಂದ ತಳ್ಳಿ, ಕೆಳಗೆ ಸಡಿಲ ಬಿಡಿ" ಎಂದು ಬಂದೇಬಿಟ್ಟಿತು. ಗೆರೆ ಜರ್ರನೆ ಇಳಿಯಿತು. ಡ್ರೈವರಿಗೆ ಸ್ವರ್ಗ ಮೂರೇ ಗೇಣು. ಬಲೂನಕ್ಕನಿಗೆ ಮಾತ್ರ ನಿಯಮ ಮುರಿದದ್ದು ಹೊಳೆಯಿತು. ತಾವೇ ಹೋಗಿ ಡಾಕ್ಟರಮ್ಮನಿಗೆ ಹೇಳಿದರು. ಆ ಪರೀಕ್ಷೆ ಲೆಕ್ಕದಿಂದ ಹೊರಬಿತ್ತು. ಡ್ರೈವರು ಮೂರು ತಿಂಗಳು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಡಾಕ್ಟರಮ್ಮ ಗದರಲಿಲ್ಲ. "ಅವರೊಬ್ಬರಿಗೆ ಒಳ್ಳೇದು ಮಾಡಿದ್ರಿ. ಆದ್ರೆ ತರಬೇತಿಯಿಂದ್ಲೇ ವಾಸಿಯಾಗುತ್ತೆ ಅಂತ ನಾವು ತೋರಿಸಿಕೊಡದಿದ್ರೆ, ಬೇರೆ ಆಸ್ಪತ್ರೆಗಳಲ್ಲಿ ಇಂಥ ಕೋಣೆ ಯಾರು ತೆರೀತಾರೆ?" ಎಂದರು. ಅದು ನ್ಯಾಯವಾದ ಮಾತು ಎಂದು ಬಲೂನಕ್ಕನೇ ಒಪ್ಪುತ್ತಾರೆ. ಒಪ್ಪಿದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿರುವುದು ಸುಲಭವಾಯಿತೇ? ಎಲ್ಲಿ ಬಂತು!

ಅದರಲ್ಲೂ ಈ ಟೈಲರಮ್ಮನ ಎದುರು. ದಿನವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂರುವ ಆಕೆಯ ಅಂಗಡಿಗೆ ಶೌಚಾಲಯವಿಲ್ಲ. ಮನೆಯಲ್ಲಿ ಇರುವುದು ಒಂದೇ, ಆಕೆ ಹೊಕ್ಕರೆ ಅತ್ತೆ ಹೊರಗಿನಿಂದ ಬಾಗಿಲು ಬಡಿಯುತ್ತಾರೆ. ಹೊರಗೆ ಹೋಗುವುದೇ ಬೇಡವೆಂದು ಆಕೆ ಎರಡು ಹೊತ್ತಿನ ಊಟವನ್ನು ಒಂದು ಹೊತ್ತಿಗೆ ಇಳಿಸಿಕೊಂಡಿದ್ದಾರೆ. ಮೊದಲ ಪರೀಕ್ಷೆಯಲ್ಲೇ ಬಲೂನಕ್ಕನಿಗೆ ತೆರೆಯ ಮೇಲೆ ಕಂಡಿತ್ತು: ಕರುಳಿನ ತಪ್ಪಲ್ಲ, ಬಿಗಿಯುವ ಸ್ನಾಯುವಿನದು. ಕಂಪ್ಯೂಟರು ಆಕೆಯನ್ನು ಹಾಕಿದ್ದು ಎರಡನೆಯ ಗುಂಪಿಗೆ. "ಮೂರು ತಿಂಗಳು ನನ್ನ ಹೊಟ್ಟೇಲಿ ಆ ಮಾತು ಇಟ್ಕೊಂಡು ಓಡಾಡಿದ್ದೀನಿ. ಅವಳಿಗಿಂತ ನನಗೇ ಹೆಚ್ಚು ಹೊಟ್ಟೆ ಕಟ್ಟಿದೆ."

ಏಳು ಹೊಡೆಯುತ್ತದೆ, ಎಂಟಾಗುತ್ತದೆ. ಬೇರೆ ಇಬ್ಬರು ಬಂದು ಹೋಗುತ್ತಾರೆ. ಬಲೂನಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಬಾಗಿಲಿಗೂ ಬೇಸಿನ್ನಿಗೂ ಸುತ್ತುತ್ತಾರೆ. ತೊಳೆದ ನಳಿಗೆಯನ್ನೇ ಮತ್ತೆ ತೊಳೆಯುತ್ತಾರೆ. ಫೋನ್ ಎತ್ತುತ್ತಾರೆ, ಅತ್ತೆ ತೆಗೆದರೆ ಏನು ಹೇಳುವುದೆಂದು ಇಟ್ಟುಬಿಡುತ್ತಾರೆ. "ಬರ್ತಾಳೆ ಬಿಡಕ್ಕ" ಎಂದು ಸಮಾಧಾನ ಹೇಳಿದ ಆಯಾಗೆ "ನಿನಗೇನು ಗೊತ್ತು, ಸುಮ್ಮನಿರು" ಎಂದು ರೇಗಿ, ಮರುಕ್ಷಣವೇ ಅವಳಿಗೆ ಟೀ ಬಗ್ಗಿಸಿ ಕೊಡುತ್ತಾರೆ.

ಒಂಬತ್ತೂವರೆಗೆ ಹಿಂದಿನ ಮೆಟ್ಟಿಲಿನಿಂದ ಟೈಲರಮ್ಮ ಬರುತ್ತಾರೆ. ಕಂಕುಳಲ್ಲಿ ಹೊಲಿದ ಬಟ್ಟೆಯ ಗಂಟು. ಗಿರಾಕಿಗೆ ತಲುಪಿಸಿ ಬರುತ್ತೇನೆಂದು ಮನೆಯಲ್ಲಿ ಹೇಳಿದ್ದಾರೆ. ಮುಖ ಬಾಡಿದೆ. "ಬರಬಾರ್ದು ಅಂತ್ಲೇ ಇದ್ದೆ ಅಕ್ಕ. ಮೂರು ತಿಂಗಳು ಪುಡಿ, ನೀರು ಅಂತ ಇಲ್ಲಿ ಹೇಳಿದ್ದೆಲ್ಲ ಮಾಡಿದೆ, ಕೂದಲಿನಷ್ಟೂ ಫರಕಾಗಿಲ್ಲ. ಇದೇ ಕೊನೆ." ಬಲೂನಕ್ಕ ಮಂಚದ ಹೊದಿಕೆ ಸರಿಪಡಿಸಿ, "ಬಾಮ್ಮ, ಮಲಕ್ಕೋ" ಎನ್ನುತ್ತಾರೆ.

ನಳಿಗೆ ಒಳಗಿಳಿಯುತ್ತದೆ. ಆ ಒಂದು ವಾಕ್ಯ ಹೇಳಿಯಾಗುತ್ತದೆ. ಟೈಲರಮ್ಮ ಹಲ್ಲು ಕಚ್ಚಿ ತಿಣುಕಿದಂತೆಲ್ಲ ಇಳಿಯಬೇಕಾದ ಗೆರೆ ಮೇಲಕ್ಕೇರುತ್ತದೆ, ಮೂರು ತಿಂಗಳ ಹಿಂದೆ ಏರಿದ ಹಾಗೇ. ಬಲೂನಕ್ಕ ತೆರೆಯತ್ತ ನೋಡುತ್ತಾ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಸುತ್ತುತ್ತಾರೆ. ಆಮೇಲೆ ಬಲೂನು. ಪರದೆಯ ಹಿಂದಿನಿಂದ ಮೊದಲು ಏದುಸಿರು, ಬಳಿಕ ಅಳು ಕೇಳುತ್ತದೆ. "ಅಕ್ಕಾ, ಆಗ್ತಿಲ್ಲ. ಏನಾದ್ರೂ ಹೇಳಿ ಅಕ್ಕಾ."

ನಾಲಿಗೆಯ ತುದಿಗೆ ಬಂದು ನಿಂತದ್ದು ಮೂರೇ ಮೂರು ಮಾತು. ಬಲೂನಕ್ಕ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಾರೆ. "ಇಲ್ಲೇ ಇದ್ದೀನಿ ಕಣಮ್ಮ" ಎನ್ನುತ್ತಾರೆ. ಅಷ್ಟೇ. ಟೈಮರಿನ ಗಂಟೆ ಹೊಡೆದು ಸಮಯ ಮುಗಿಯುತ್ತದೆ. ಬಲೂನು ಒಳಗೇ ಉಳಿದಿದೆ. ಅದನ್ನು ಬರಿದು ಮಾಡಿ ಎಳೆದುಕೊಂಡು, ಪರೀಕ್ಷೆಯ ಚಿತ್ರವನ್ನು ಡಾಕ್ಟರಮ್ಮನಿಗೆ ಕಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ಫೋನ್ ಬರುತ್ತದೆ: ಪರೀಕ್ಷೆ ಸರಿಯಾಗಿ ಆಗಿದೆ, ಇನ್ನು ಹೇಳಿಕೊಡಬಹುದು.

ಗಂಟು ಎತ್ತಿಕೊಂಡು ಹೊರಟಿದ್ದ ಟೈಲರಮ್ಮನ ರಟ್ಟೆ ಹಿಡಿದು ಬಲೂನಕ್ಕ ತೆರೆಯ ಮುಂದೆ ಕೂರಿಸುತ್ತಾರೆ. ಮೂರು ತಿಂಗಳ ಮಾತು ಒಂದೇ ಉಸಿರಿಗೆ ಬರುತ್ತದೆ. "ಎಲ್ಲಿ ಹೋಗ್ತೀಯ, ಕೂತ್ಕೋ. ಈ ಗೆರೆ ನೋಡು, ಇದು ನೀನು ತಳ್ಳೋದು. ಈ ಇನ್ನೊಂದು ಬಿಗಿಯೋದು. ತಳ್ಳಿದಾಗ ಇದು ಕೆಳಗಿಳೀಬೇಕು, ನಿನ್ನದು ಮೇಲಕ್ಕೆ ಹೋಗ್ತಿದೆ. ನಿನ್ನ ಕರುಳು ಚೆನ್ನಾಗಿದೆ ಕಣೇ. ಯಾರೋ ಆಪರೇಷನ್ ಮಾಡಿಸ್ಕೋ ಅಂದ್ರಂತಲ್ಲ, ಅದೇನೂ ಬೇಡ."

ಟೈಲರಮ್ಮ ಎರಡೂ ಗೆರೆಗಳ ಮೇಲೆ ಬೆರಳಾಡಿಸುತ್ತಾರೆ. "ಅಂದ್ರೆ ಪೆಡಲ್ ತುಳೀತಾ ಚಕ್ರನ ಕೈಯಲ್ಲಿ ಹಿಡ್ಕೊಂಡಿದ್ದೀನಿ ಅನ್ನಿ" ಎನ್ನುತ್ತಾರೆ.

"ಅದೇ. ಚಕ್ರ ಬಿಡು, ಅಷ್ಟೇ."

ಅಷ್ಟೇ ಎಂದರೆ ಆಗಿಬಿಡುವುದಿಲ್ಲ. ನಳಿಗೆಯನ್ನು ಮತ್ತೆ ಒಳಗಿಳಿಸಿಯಾಗುತ್ತದೆ. ಗೆರೆ ಏರುತ್ತದೆ, ಮತ್ತೂ ಏರುತ್ತದೆ. ಉಸಿರು, ಹೊಟ್ಟೆ, ಸಡಿಲ; ಇನ್ನೊಂದು ಸಲ. ಹಲವು ಸಲ ಸೋತ ಮೇಲೆ ಗೆರೆ ಒಮ್ಮೆ, ಬೆರಳಗಲ, ಕೆಳಗೆ ಬಾಗುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಟೈಲರಮ್ಮನ ಕಣ್ಣಲ್ಲಿ ನೀರು. ಇದು ಬರೀ ಶುರು, ವಾರಕ್ಕೊಮ್ಮೆ ಬರಬೇಕು, ಇವತ್ತಿಂದ ಎರಡು ಹೊತ್ತು ಉಣ್ಣಬೇಕು ಎಂದು ಬಲೂನಕ್ಕ ಕಟ್ಟಪ್ಪಣೆ ಮಾಡುತ್ತಾರೆ. ಬರುತ್ತೇನೆ ಎನ್ನುತ್ತಾರೆ ಟೈಲರಮ್ಮ. ಈ ಸಲ ನೋಡ್ತೀನಿ ಎನ್ನುವುದಿಲ್ಲ.

ಹೊರಟವರು ಬಾಗಿಲಲ್ಲಿ ನಿಂತು, ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. "ಅಕ್ಕಾ, ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಹೊರಗೆ ಎಲ್ಲಾದ್ರೂ ಕಂಡ್ರೆ ನನ್ನ ಮಾತಾಡಿಸ್ಬೇಡಿ. ಅತ್ತೆ ಜೊತೆಗಿದ್ರೆ ಅವರು ಯಾರು, ಏನು ಅಂತ ಕೇಳ್ತಾರೆ."

ಬಲೂನಕ್ಕನಿಗೆ ಬೇಜಾರಾಗುವುದಿಲ್ಲ, ನಗು ಬರುತ್ತದೆ. "ಮಾತಾಡಿಸಲ್ಲ ಕಣಮ್ಮ. ರಸ್ತೇಲಿ ನನ್ನ ನಿಲ್ಲಿಸಿ ಮಾತಾಡಿಸೋರೆಲ್ಲ ಇನ್ನೂ ವಾಸಿಯಾಗದೇ ಇರೋರು. ವಾಸಿಯಾದೋರು ಗುರುತೇ ಇಲ್ಲದ ಹಾಗೆ ಮುಖ ತಿರುಗಿಸ್ಕೊಂಡು ಹೋಗ್ತಾರೆ. ಮೊನ್ನೆ ಮಾರ್ಕೆಟ್ಟಲ್ಲಿ ಒಂದೇ ಸಂಜೆ ಮೂರು ಜನ ಹಾಗೆ ಹೋದ್ರು. ಮನೆಗೆ ಬಂದು ಎರಡು ತುತ್ತು ಜಾಸ್ತಿ ಉಂಡೆ. ನಿನಗೂ ಬೇಗ ಆ ಕಾಲ ಬರ್ಲಿ, ಹೋಗ್ ಬಾ."