ಅಳಿಯಂದಿರು ತಂದ ದಪ್ಪ ವೈರು

ಸಿಂಧನೂರಿನ ಈ ಮನೆಗೆ ನಾನೇ ಹಿರಿಯಳು. ನನ್ನನ್ನು ಕೇಳದೆ ಇಲ್ಲಿ ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಅಂಥದ್ದರಲ್ಲಿ ಗೆಳತಿಯರೇ, ಇವತ್ತು ಬೆಳಿಗ್ಗೆ ಹಟ್ಟಿ ಊರಿನಿಂದ ಬಂದ ಅಳಿಯಂದಿರು, ತೀರಿಹೋದ ನಮ್ಮ ಯಜಮಾನರು ಕೈಯಾರೆ ಎಳೆದಿದ್ದ ಸ್ಪೀಕರ್ ವೈರನ್ನು ಬಿಚ್ಚಿ, ಬೆರಳು ದಪ್ಪದ ಹೊಸದನ್ನು ಹಾಕಲು ಕುಳಿತರು.

"ಅತ್ತಿ, ಇದರಾಗ ತಬಲಾದ ಒಂದೊಂದು ಬೆರಳು ಕೇಳತೈತ್ರಿ."

"ಹಂಗಾದ್ರ ಗ್ವಾಡಿ ಕಡೆ ಮಾರಿ ಮಾಡಿ ಕುಂತು ಗುರುತು ಹಿಡೀರಿ, ನೋಡೂಣು" ಎಂದೆ. ಹಠಕ್ಕೆ ನಾನೂ ಪಕ್ಕದಲ್ಲೇ ಕುಳಿತೆ.

ಸೊಸೆ ವೈರು ಬದಲಿಸುತ್ತಾ ಒಂದೇ ತತ್ವಪದವನ್ನು ಮೂರು ಸಲ ಹಾಕಿದಳು. ಮೂರನೆಯದು ಎಷ್ಟು ಇಂಪಾಗಿತ್ತೆಂದರೆ ನನ್ನ ಮೈ ಜುಮ್ಮೆಂದಿತು.

"ಇದ ನೋಡ್ರಿ ಹೊಸಾದು" ಎಂದರು ಅಳಿಯಂದಿರು.

"ಇದ ನಮ್ಮ ಹಳೇದು" ಎಂದೆ ನಾನು.

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಎರಡೂ ಅಲ್ರಿ ಅತ್ತಿ. ಗಣಪ್ಪನ ಮುಂದ ಹಾಕತೀವಲ್ಲ, ಆ ಲೈಟಿನ ಸರದ್ದು ಒಂದೀಟು ವೈರ ಕತ್ತರಿಸಿ ಹಚ್ಚೀನಿ."

ಕಿವಿಗೆ ವ್ಯತ್ಯಾಸ ತಿಳಿಯದ ಮೇಲೆ ಯಜಮಾನರು ಎಳೆದದ್ದೇ ಇರಲಿ ಎಂದು ನಾನೇ ಸ್ಟೂಲು ಹತ್ತಿ ಹಳೆಯ ವೈರು ಜೋಡಿಸಿದೆ. ಅಳಿಯಂದಿರು ಸ್ಟೂಲು ಹಿಡಿದುಕೊಂಡಿದ್ದರು.