ಶಿವಪ್ಪನ ಖಾಲಿ ಪಡಸಾಲೆ

ಗೆಳೆಯರೇ, ನಮ್ಮ ಭಾಲ್ಕಿಗೆ ಇಟಲಿ ಬಂದಿದೆ. ಪಕ್ಕದ ಮನೆಯ ಶಿವಪ್ಪ ನಿಜಾಮ ಸರಕಾರದ ಗುಮಾಸ್ತ. ಹೈದರಾಬಾದಿನಲ್ಲಿ ಇಟಲಿಯ ಕಡಲತಡಿಯ ಮನೆಯೊಂದರ ಚಿತ್ರ ನೋಡಿ ಬಂದವನು ಗೋಡೆಗೆಲ್ಲ ಸುಣ್ಣ, ಬಾಗಿಲಿಗೆ ನೀಲಿ ಬಳಿಸಿ, ಪಡಸಾಲೆ ಖಾಲಿ ಮಾಡಿಬಿಟ್ಟ. ಬೀಸುವ ಕಲ್ಲು, ಹಂಡೆ, ಕೌದಿ, ಜಮಖಾನೆ ಎಲ್ಲ ಬಂದು ಬಿದ್ದದ್ದು ನಮ್ಮ ಮನೆಗೆ.

ಇವತ್ತು ಔರಾದದಿಂದ ಅವನ ಬೀಗರು ಬಂದರು. "ಏನ್ ಬೆಳಕರಿ, ಏನ್ ಹವಾರಿ!" ಎಂದು ಹೊಗಳಿದ್ದೇ ಹೊಗಳಿದ್ದು. ಕೂರಿಸಲು ಏನೂ ಇಲ್ಲದೆ ಊಟಕ್ಕೆ ಅವರನ್ನು ನಮ್ಮಲ್ಲಿಗೇ ಕರೆತಂದ.

ಉಂಡು, ಎಲೆಅಡಿಕೆ ಮೆಲ್ಲುತ್ತ ಕೂತ ಶಿವಪ್ಪ ಸುತ್ತ ನೋಡಿ ಮೂಗು ಮುರಿದ: "ಅಕ್ಕಾ, ನಿಮ್ಮ ಮನ್ಯಾಗ ಸಾಮಾನು ಭಾಳ ಆಗ್ಯಾದ್ರಿ. ಜರಾ ಕಡಿಮಿ ಮಾಡ್ರಿ."

"ಆಯ್ತಪ್ಪಾ, ಈಗೇ ಮಾಡ್ತೇನಿ" ಎಂದು, ಅವನು ಕೂತಿದ್ದ ಅವನದೇ ಜಮಖಾನೆಯಿಂದ ಶುರು ಮಾಡಿದೆ.